ಪರಸಿಯ ಸಂದಿಯಲ್ಲಿ ಕೆಂಪು

ಒಂದೂರಿನಲ್ಲಿ ಸ್ವಂತ ಮನೆಯಿಲ್ಲದ ಒಬ್ಬ ದೇವರಿದ್ದನಂತೆ. ಪೂಜಾರಿಯ ಗುಡಿಸಲಿನ ಸೆಗಣಿ ನೆಲವೇ ಅವನಿಗೆ ಅರಮನೆ. ಒಂದು ದಿನ ಒಬ್ಬ ಗೌಂಡಿ ಬಂದು, "ನಿನಗ ಕಲ್ಲಿನ ನೆಲಾ ಹಾಸಿಕೊಡ್ತೇನಿ, ಇರುವಿ ಸೈತ ನುಸುಳಬಾರದು, ಹಂಗ" ಎಂದು ಮಾತು ಕೊಟ್ಟನಂತೆ. ದೇವರು ನಕ್ಕು, "ನೆಲಾ ಮುಗದ ಮ್ಯಾಲ ಹೇಳಿ ಕಳಸು" ಎಂದನಂತೆ.

ಆ ನೆಲ ಮುಗಿಯುವ ಮೊದಲು ಪೊಲೀಸರು ಬರಬೇಕಾಯಿತು.

1979ರ ಮಾರ್ಚ್ 14, ಬುಧವಾರ. ಕೆರೂರ ಠಾಣೆಗೆ ಬೆಳಿಗ್ಗೆ ಬಂದ ಪದ್ಮವ್ವನ ಸೀರೆಯಂಚು ತೊಯ್ದಿತ್ತು. ಖಾಲಿ ಕೊಡ ಇನ್ನೂ ಕಂಕುಳಲ್ಲೇ ಇತ್ತು.

"ಸಾಹೇಬ್ರ, ನನ್ನ ಗಂಡನ್ನ ನೆಲದಾಗ ಹುಗದಾರ್ರಿ."

ಫೌಜದಾರ ಅಂದಪ್ಪ ಚಹಾದ ಕಪ್ಪು ಕೆಳಗಿಟ್ಟರು. "ಯಾರು?"

"ನಮ್ಮ ಭಾವ, ಗಂಡನ ಅಣ್ಣ ಮಾಳಪ್ಪ."

ಅವಳ ಗಂಡ ಮುದಕಪ್ಪ ಪಕ್ಕದ ಹಳ್ಳಿಯ ಬೀರಪ್ಪ ದೇವರ ಪೂಜಾರಿ. ಶನಿವಾರ ಬೆಳಿಗ್ಗೆ ಅವರ ಗುಡಿಸಲಿನಿಂದ ದೇವರ ಬೆಳ್ಳಿಯ ಮುಖ ಕಾಣೆಯಾಗಿತ್ತು, ಮಧ್ಯಾಹ್ನದ ಹೊತ್ತಿಗೆ ಮುದಕಪ್ಪನೂ ಕಾಣೆ. ಕದ್ದು ಓಡಿದನೆಂದು ಊರು ತೀರ್ಮಾನಿಸಿತ್ತು. ಯುಗಾದಿ ಅಮಾವಾಸ್ಯೆಯೊಳಗೆ ಅವನು ಬಾರದಿದ್ದರೆ ಪೂಜೆ ಬೇರೆಯವರಿಗೆ, ಪದ್ಮವ್ವ ಊರ ಹೊರಗೆ. ಅಲ್ಲಿಯವರೆಗೆ ಹೊಟ್ಟೆಪಾಡಿಗಾಗಿ ಅವಳು ಭಾವನ ಹೊಸ ಮನೆಯ ನೆಲಕ್ಕೆ ನೀರು ಹೊಡೆಯುತ್ತಿದ್ದಳು. ಈ ಹೊತ್ತು ನೆಲಕ್ಕೆ ಹಾಸಿದ ಪರಸಿ ಕಲ್ಲುಗಳ ಸಂದಿಯಿಂದ ಕೆಂಪು ನೀರು ಜಿನುಗಿತ್ತು.

"ರಕ್ತಾನ ಅಂತ ಹೆಂಗ ಹೇಳ್ತಿಯವ್ವ?" ಕಾನ್‌ಸ್ಟೆಬಲ್ ಇಮಾಮಹುಸೇನ ಕೇಳಿದ.

"ಮತ್ತ ಕಲ್ಲು ಎಲಿ ಅಡಿಕಿ ತಿಂದೈತೇನೋ ಎಪ್ಪಾ?"

ಅವನು ಬಾಯಿ ಮುಚ್ಚಿಕೊಂಡು ದೂರು ಬರೆದುಕೊಂಡ. ಎಫ್‌ಐಆರ್ ದಾಖಲಾಯಿತು. ಜೀಪು ಹೊರಟಿತು.

ಮಾಳಪ್ಪನ ಮನೆಯ ಬಾಗಿಲಿಗೆ ದೃಷ್ಟಿಗೆಂದು ಲಿಂಬಿಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಒಳಗೆ ಬೂದು ಬಣ್ಣದ ಶಹಾಬಾದ ಪರಸಿಯ ನೆಲ, ಅದರ ಮೇಲೆ ಹಸಿ ಗೋಣಿತಟ್ಟುಗಳು. ಮಾಳಪ್ಪ ಗಚ್ಚು ಮೆತ್ತುವ ಕರಣಿ ಹಿಡಿದುಕೊಂಡೇ ಎದ್ದು ನಿಂತ. ಅವನ ಹೆಂಡತಿ ರೇಣವ್ವ ಗೋಡೆಗೆ ಅಂಟಿಕೊಂಡಳು.

"ನೆಲಾ ನೀನ ಹಾಸಿದಿ?" ಅಂದಪ್ಪ ಕೇಳಿದರು.

"ಹೌದ್ರಿ. ಸೊಲ್ಲಾಪುರದಾಗ ಇದ ಕೆಲಸ ಕಲತು ಬಂದೇನಿ."

"ಸಂದಿ ಯಾವಾಗ ತುಂಬತಿ?"

"ಕಲ್ಲ ಕೂಡ್ಸಿದ ಮರುದಿನ. ಒಂದ ರಾತ್ರಿ ಯಾರೂ ಕಾಲಿಡಬಾರದ್ರಿ. ಕಲ್ಲ ಕುಂದರೂಕಿಂತ ಮೊದಲ ತುಂಬಿದ್ರ ಸಂದಿ ಬಿರೀತೈತಿ."

"ಆಮ್ಯಾಲ?"

"ವಾರಗಟ್ಲೆ ನೀರು. ನೀರ ತಪ್ಪಿದ್ರ ಸಿಮೆಂಟ ಉದುರಿ ಹೋಗತೈತಿ. ಒಂದ ಕಲ್ಲೂ ಬಿಡಬ್ಯಾಡಂತ ಇವಳಿಗೆ ಹೇಳೇನಿ."

ಅಂದಪ್ಪ ಲಾಠಿಯ ತುದಿಯಿಂದ ಕಲ್ಲುಗಳನ್ನು ತಟ್ಟುತ್ತಾ ನಡೆದರು. ಟಣ್, ಟಣ್, ಟಣ್. ದೇವರ ಜಗಲಿಯ ಮುಂದಿನ ಕಲ್ಲು ಡಬ್ ಎಂದಿತು. ಅದರ ಸಂದಿಯಲ್ಲಿ ಕೂದಲೆಳೆಯಷ್ಟು ಬಿರುಕು, ಬಿರುಕಿನ ಗುಂಟ ಕೆಂಪು.

"ಇದನ್ನ ಯಾವಾಗ ತುಂಬಿದಿ?"

"ಎಲ್ಲಾದರ ಕೂಡ್ರಿ."

"ಸುಳ್ಳು!" ಪದ್ಮವ್ವ ಚೀರಿದಳು. "ಶನಿವಾರ ಸಂಜಿಗೆ ಕಲ್ಲ ಕೂಡ್ಸಿ ಆಗಿಂದಾಗ ತುಂಬಿದ. ನಾಳಿ ತುಂಬೂದಲ್ಲೇನ ಭಾವ ಅಂದ್ರ, ನೀ ಯಾವಾಗ ಗೌಂಡಿ ಆದಿ ಅಂತ ನನ್ನ ಮ್ಯಾಲ ಬೆಂಕಿ ಆದ."

ಮಾಳಪ್ಪ ಕರಣಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಬಾಗಿಲಲ್ಲಿ ಊರು ನೆರೆದಿತ್ತು.

"ಇಮಾಮ, ಆ ಲಿಂಬಿಹಣ್ಣ ಹರಕೊಂಡ ಬಾ."

"ದೃಷ್ಟಿಗೆ ಕಟ್ಟಿದ್ದ್ರೀ ಅದು!" ರೇಣವ್ವ ಕೂಗಿದಳು.

"ದೃಷ್ಟಿ ತಾಗಿ ಆಗೇತ್ಯವ್ವ" ಎಂದ ಇಮಾಮಹುಸೇನ.

ಅಂದಪ್ಪ ಹಣ್ಣು ಕೊಯ್ದು ಕೆಂಪಿನ ಮೇಲೆ ಹಿಂಡಿದರು. ಸಣ್ಣಗೆ ನೊರೆ ಎದ್ದಿತು. ನೋಡುತ್ತಿದ್ದಂತೆ ಕೆಂಪು ಹೋಗಿ ಹಳದಿಯಾಯಿತು.

"ರಕ್ತ ಹಳದಿ ಆಗೂದಿಲ್ಲ ಪದ್ಮವ್ವ. ಅರಿಷಿಣಕ್ಕ ಸುಣ್ಣ ಕೂಡಿಸಿ ಆರತಿ ನೀರ ಮಾಡೀರಲ್ಲ? ಸಿಮೆಂಟಿನ್ಯಾಗೂ ಸುಣ್ಣದ ಗುಣ ಐತಿ. ಹುಳಿ ಬಿದ್ರ ಆ ಕೆಂಪು ತಿರಗಿ ಹಳದಿ ಆಗತೈತಿ."

ಅವಳು ಬಾಗಿ ಆ ಹಳದಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿದಳು. ಬೀರಪ್ಪನ ಮುಖಕ್ಕೆ ವರ್ಷಗಟ್ಟಲೆ ಹಚ್ಚಿದ ಭಂಡಾರ, ಅದೂ ಅರಿಷಿಣವೇ. ಎಷ್ಟು ಸಲ ತನ್ನ ಕೈಯಾರೆ ಕುಟ್ಟಿಕೊಟ್ಟಿದ್ದಳು!

"ಹಂಗಾರ... ನನ್ನ ಗಂಡ?"

ಇಬ್ಬರು ಪಂಚರನ್ನು ಕರೆಸಿ, ಹಾರೆ ಹಾಕಿ ಕಲ್ಲೆಬ್ಬಿಸಿದಾಗ ಹನ್ನೊಂದೂ ನಲವತ್ತು. ಕೆಳಗೆ ಕಂಬಳಿಯ ಗಂಟು. ಗಂಟಿನೊಳಗೆ, ತೊಯ್ದ ಭಂಡಾರ ಮೆತ್ತಿಕೊಂಡು ಬೆಳ್ಳಿಯ ಬೀರಪ್ಪ ಕಣ್ಣು ಬಿಟ್ಟುಕೊಂಡಿದ್ದ. ಇಮಾಮಹುಸೇನ ಗಟ್ಟಿ ನೆಲ ಸಿಗುವವರೆಗೂ ಅಗೆದ. ಬೇರೇನೂ ಇರಲಿಲ್ಲ. ಪಂಚನಾಮೆ ಬರೆಯಲಾಯಿತು.

"ಮುದಕಪ್ಪ ಎಲ್ಲಿ?" ಅಂದಪ್ಪ ಮಾಳಪ್ಪನನ್ನು ಕೇಳಿದರು.

"ದೇವರಾಣಿ ಗೊತ್ತಿಲ್ರಿ. ಮುಖಾ ಹುಡುಕಾಕ ಹೋದ. ಬಸ್ ಹತ್ತೂದ ನೋಡೇನಿ."

"ನೋಡಿ ಸುಮ್ಮನಿದ್ದಿ. ಇವಳ ಕಡಿಂದ ನೀರೂ ಹೊರಸಿದಿ."

ಮಾಳಪ್ಪ ಪದ್ಮವ್ವನ ಕಡೆ ನೋಡಲಿಲ್ಲ.

"ಬೆಳ್ಳಿ ಕರಗಸಾಕ ಕದ್ದಿ?"

"ಕರಗಸೂದಿದ್ರ ಸೊಲ್ಲಾಪುರ ದೂರಿತ್ತೇನ್ರಿ? ಅಪ್ಪ ಸಾಯೂಮುಂದ ನಾ ಊರಾಗ ಇರಲಿಲ್ಲ. ದೇವರು ತಮ್ಮಗ ಹೋತು. ತಿರಗಿ ಬಂದ ಮ್ಯಾಲ ನಾ ಮುಟ್ಟಿದ್ರ ಮೈಲಿಗಿ ಅಂದ್ರು ಊರ ಹಿರ್ಯಾರು, ಪರಊರ ನೀರ ಕುಡದಾಂವಂತ. ಕಲ್ಲಿನ ನೆಲಾ ಹಾಕಸ್ತೇನಿ, ಒಂದ ದಿನ ನನ್ನ ಜಗಲಿಗೆ ಕಳಸ್ರಿ ಅಂತ ಕಾಲ ಹಿಡದ್ನಿ. ನಕ್ಕರು. ಆ ಮುಖಾ ಒರಸಿದಾವು ನಮ್ಮಪ್ಪನ ಕೈಯಿ, ಸಾಹೇಬ್ರ."

ಅಂದಪ್ಪ ಬೆಳ್ಳಿಯ ಮುಖವನ್ನು ಮತ್ತೆ ಕಂಬಳಿಯಲ್ಲಿ ಸುತ್ತಿದರು. "ಈ ಕಲ್ಲಿಗೆ ನೀರ ಹಾಕಸದಿದ್ರ ನೀ ಸಿಗತಿರಲಿಲ್ಲ."

"ನೀರಿಲ್ದ ನೆಲಾ ಹೆಂಗ ಬಿಡಲಿ?"

ಕಲಂ 380ರ ಅಡಿ ಅವನನ್ನು ಬಂಧಿಸಲಾಯಿತು. ಹೊರಡುವ ಮೊದಲು ಒಂದೇ ಮಾತು ಕೇಳಿದ, ಎಬ್ಬಿಸಿದ ಕಲ್ಲು ಕೂಡ್ಸಿ ಬರ್ತೇನಿ ಅಂತ. ಅಂದಪ್ಪ ಒಪ್ಪಿ ತಲೆಯಾಡಿಸಿದರು. ಅವನು ತಳಕ್ಕೆ ಮಣ್ಣು ತುಂಬಿ ಬಡಿದ, ಗಚ್ಚು ಹರಡಿದ, ರಸಮಟ್ಟ ಇಟ್ಟು ನೋಡಿದ, ತಟ್ಟಿದ. ಟಣ್. ಸಂದಿಯನ್ನು ಮಾತ್ರ ಬಿಟ್ಟ.

"ನಾಳಿ ತುಂಬಬೇಕು," ಎಂದು ಜೀಪು ಹತ್ತಿದ.

ಠಾಣೆಯಿಂದ ಬಾಗಲಕೋಟೆ, ಹುನಗುಂದ, ಇಳಕಲ್ಲಿಗೆ ಸುದ್ದಿ ಹೋಯಿತು. ಇಳಕಲ್ಲಿನಲ್ಲಿ ಬೆಳ್ಳಿ-ಬಂಗಾರದ ಕೆಲಸದ ಪತ್ತಾರರ ಓಣಿಯಲ್ಲಿ ಒಂದೊಂದೇ ಅಂಗಡಿ ಹೊಕ್ಕು ದೇವರ ಮುಖ ಕೇಳುತ್ತಿದ್ದ ಮುದಕಪ್ಪ ಸಿಕ್ಕ. ಗುರುವಾರ ಮಧ್ಯಾಹ್ನ ಇಮಾಮಹುಸೇನನ ಜೊತೆ ಬಸ್ಸಿಳಿದಾಗ ಅವನ ಅಂಗಾಲುಗಳಲ್ಲಿ ಬೊಬ್ಬೆ ಎದ್ದಿದ್ದವು. ಪದ್ಮವ್ವ ಅವನನ್ನು ಮುಟ್ಟಿ ಮುಟ್ಟಿ ನೋಡಿದಳು, ಆಮೇಲೆ ಬಾಯಿಗೆ ಬಂದಂತೆ ಬೈದಳು.

ಎಲ್ಲ ಕೇಳಿಕೊಂಡ ಮುದಕಪ್ಪ ತನ್ನ ಗುಡಿಸಲಿಗೆ ಹೋಗಲಿಲ್ಲ. ಅಣ್ಣನ ಮನೆಗೆ ಹೋಗಿ, ಜಗಲಿಯ ಮುಂದೆ ಮೊಣಕಾಲೂರಿ ಸಿಮೆಂಟು ಕಲಸಿದ. ಸಂದಿಗೆ ನೀರು ಚಿಮುಕಿಸಿ, ಬೆರಳಿನಿಂದ ಒತ್ತಿ ಒತ್ತಿ ತುಂಬಿದ. ಮರುದಿನ ಬೆಳಿಗ್ಗೆಯಿಂದ ಪದ್ಮವ್ವ ಕೊಡ ಹೊತ್ತಳು, ಯಾರೂ ಹೇಳದಿದ್ದರೂ. ವಾರದುದ್ದಕ್ಕೂ ನೀರು ಕಲ್ಲಿನ ಮೇಲೆ ತಿಳಿಯಾಗಿಯೇ ನಿಂತಿತು.

ಕೊನೆಯ ಕೊಡ ಸುರಿದ ದಿನ ಮುದಕಪ್ಪ ಗೋಣಿತಟ್ಟು ತೆಗೆದು, ಅಂಗೈಯಿಂದ ಸಂದಿ ಸವರಿ ನೋಡಿ, ಬೀರಪ್ಪನಿಗೆಂದು ಜಗಲಿಗೆ ಭಂಡಾರ ಹಚ್ಚಿದ.

"ಅತ್ತಿಗಿ," ಎಂದ ರೇಣವ್ವನಿಗೆ, "ಅಣ್ಣಗ ಹೇಳಿ ಕಳಸ್ರಿ. ನೆಲಾ ಮುಗದೈತಿ."