ಕಿವಿಯಲ್ಲಿ ಹೇಳಿದ ಹೆಸರು

ಈಗಲೇ ಹೇಳಿಬಿಡಲೇ? ಅಜ್ಜಿ ಫೋನ್ ಇಟ್ಟ ಮೇಲೆ ಹೇಳಲೇ? ಹೇಳದೇ ಇದ್ದರೆ ಏನಾದೀತು? ಶಾಲೆಯ ಚೀಲವನ್ನೂ ಇಳಿಸದೆ ಗಿಲಾಂಗ್ ಬಾಗಿಲಲ್ಲೇ ನಿಂತಿದ್ದ.

ಅಜ್ಜಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಫೋನಿನ ಸ್ಪೀಕರ್ ಯಾವಾಗಲೂ ಆನ್. ಆ ಕಡೆಯ ಹೆಂಗಸಿನ ಮಾತು ಹೊಸ್ತಿಲವರೆಗೂ ಕೇಳುತ್ತಿತ್ತು.

“ಯಾರಮ್ಮ ನೀನು? ಆ ಹೆಸರು ನಿಂಗೆ ಯಾರು ಹೇಳಿದ್ರು?” ಅಜ್ಜಿ ಫೋನನ್ನು ಬಾಯಿಯ ಹತ್ತಿರ ತಂದು ಕೇಳಿದಳು.

“ನಮ್ಮ ಲಿಸ್ಟಲ್ಲಿ ಹಾಗೇ ಇದೆ, ಅಮ್ಮ. ಮಂಡಿನೋವಿಗೆ ಒಂದು ಒಳ್ಳೇ ಎಣ್ಣೆ ಬಂದಿದೆ...”

ಅವಳು ಮತ್ತೊಮ್ಮೆ ಆ ಹೆಸರು ಹಿಡಿದು ಕರೆದಳು. ಅಜ್ಜಿ ಫೋನ್ ಕಟ್ ಮಾಡಿ ಮೇಜಿನ ಮೇಲೆ ಮಗುಚಿ ಇಟ್ಟಳು.

ಸೋಲೊ ಊರಿನ ಆ ಓಣಿಯಲ್ಲಿ ಎಲ್ಲರಿಗೂ ಅವಳು ರಹಾಯು ಅಜ್ಜಿ. ಬೇರೆ ಹೆಸರಿತ್ತು ಎಂದು ಗಿಲಾಂಗನಿಗೂ ತಿಳಿದದ್ದು ಹೋದ ವಾರ, ಇಬ್ಬರೂ ಸೊಪ್ಪು ಬಿಡಿಸುತ್ತ ಕೂತಿದ್ದಾಗ.

“ಐದು ವರ್ಷ ಆಗೋವರೆಗೆ ನಂಗೆ ಬೇರೆ ಹೆಸರಿತ್ತು ಕಣೋ. ಮೇಲಿಂದ ಮೇಲೆ ಜ್ವರ. ಹೆಸರು ಭಾರ ಆಗಿದೆ, ಮಗು ಕೈಲಿ ಹೊರೋಕಾಗ್ತಿಲ್ಲ ಅಂದ್ರು ಹಿರಿಯರು. ಅಪ್ಪ ರಹಾಯು ಅಂತ ಹೊಸ ಹೆಸರಿಟ್ಟ. ಅಮ್ಮ ಕೆಂಪು ಗಂಜಿ, ಬಿಳಿ ಗಂಜಿ ಮಾಡಿ ಓಣಿಗೆಲ್ಲ ಹಂಚಿದ್ಲು. ಅವತ್ತಿಂದ ಹಳೇ ಹೆಸರು ಯಾರೂ ಎತ್ತಲಿಲ್ಲ.”

“ಒಬ್ರೂ ಇಲ್ವಾ?”

“ನಮ್ಮಕ್ಕ ಮಾತ್ರ. ಒಂದೇ ಚಾಪೇಲಿ ಮಲಗ್ತಿದ್ವಿ. ನನ್ನ ನಗಿಸೋಕೆ ಕಿವೀಲಿ ಕರೆಯೋಳು. ಈಗ ಅವಳೂ ಇಲ್ಲ.”

ಆಮೇಲೆ ಅಜ್ಜಿ ಬಾಗಿ ಗಿಲಾಂಗನ ಕಿವಿಯಲ್ಲಿ ಆ ಹೆಸರು ಹೇಳಿದಳು. ಅವಳ ಉಸಿರಿಗೆ ಲವಂಗದ ವಾಸನೆ ಇತ್ತು.

ಗೋಡೆಯ ಮೇಲೆ ಆ ಅಕ್ಕ ತಂಗಿಯರ ಒಂದು ಕಪ್ಪು ಬಿಳುಪು ಫೋಟೋ ಇತ್ತು. ಹಳೆಯ ಫೋಟೋಗೆ ಬಣ್ಣ ತುಂಬುವ ಆ್ಯಪ್ ಒಂದನ್ನು ಗಿಲಾಂಗ್ ಅಜ್ಜಿಯ ಫೋನಿಗೇ ಹಾಕಿಕೊಂಡ. ಅದು ಹೆಸರು ಕೇಳಿತು, ಹಳೆಯ ಹೆಸರು ಕೇಳಿತು, ಹುಟ್ಟಿದ ದಿನ, ಫೋನ್ ನಂಬರ್ ಕೇಳಿತು. ಅವನು ಎಲ್ಲವನ್ನೂ ತುಂಬಿದ. ಕೊನೆಗೆ ಒಂದು ಪುಟ್ಟ ಚೌಕ: ‘ಚಿತ್ರದಲ್ಲಿರುವವರು ಒಪ್ಪಿದ್ದಾರೆ.’

ಅಜ್ಜಿ ಅಡುಗೆಮನೆಯಲ್ಲೇ ಇದ್ದಳು, ಸೋಯಾ ಕಾಳಿನ ತೆಂಪೆ ಕರಿಯುತ್ತ. ಹತ್ತು ಹೆಜ್ಜೆ ದೂರ. ಕೇಳಿದರೆ ಸರ್‌ಪ್ರೈಸ್ ಹಾಳಾಗುತ್ತದಲ್ಲ? ಅವನು ಚೌಕವನ್ನು ಒತ್ತಿದ.

ಈಗ ಆ ಹೆಸರು ಯಾರದೋ ಬಾಯಲ್ಲಿ ಮನೆಗೆ ವಾಪಸು ಬಂದಿತ್ತು.

ಸಂಜೆ ಅವನು ಚಿಕ್ಕಮ್ಮ ಲಾರಾಸಳಿಗೆ ಎಲ್ಲ ಹೇಳಿದ.

“ಒಪ್ಪಿದೀನಿ ಅಂತ ಒತ್ತೋಕೆ ನೀನೇನು ಅಜ್ಜಿನಾ?” ಎಂದಳು ಚಿಕ್ಕಮ್ಮ. “ಎರಡು ಹಾಲುಹಲ್ಲು ಬಿದ್ದ ತಕ್ಷಣ ಯಾರೂ ಅಜ್ಜಿ ಆಗಲ್ಲ ಕಣೋ.”

ಬೈಯುತ್ತಲೇ ಅವಳು ಬಣ್ಣದ ಚಿತ್ರವನ್ನು ಉಳಿಸಿಕೊಂಡು, ಆ್ಯಪಿನಲ್ಲಿದ್ದುದನ್ನೆಲ್ಲ ಅಳಿಸಿದಳು. ತೆರೆಯ ಮೇಲೆ ಸಣ್ಣ ಅಕ್ಷರ ಮೂಡಿತು: ‘ನಮ್ಮ ಪಾಲುದಾರರಿಗೆ ಈಗಾಗಲೇ ಕೊಟ್ಟ ವಿವರಗಳು ಅವರ ಬಳಿಯೇ ಇರುತ್ತವೆ.’

“ಪಾಲುದಾರರು ಅಂದ್ರೆ ಯಾರು, ಚಿಕ್ಕಮ್ಮ?”

“ಅದನ್ನ ಅವರು ಹೇಳಲ್ಲ. ಅಜ್ಜಿಗೆ ನೀನೇ ಹೇಳ್ಬೇಕು. ನಾನು ಹೇಳಲ್ಲ.”

ಮರುದಿನ ಭಾನುವಾರ. ತಾಳೆಬೆಲ್ಲದ ಪರಿಮಳಕ್ಕೆ ಗಿಲಾಂಗನಿಗೆ ಎಚ್ಚರವಾಯಿತು. ಒಲೆಯ ಮೇಲೆ ಎರಡು ಪಾತ್ರೆ. ಒಂದರಲ್ಲಿ ಬಿಳಿ ಗಂಜಿ, ಇನ್ನೊಂದರಲ್ಲಿ ಬೆಲ್ಲ ಹಾಕಿದ ಕೆಂಪು ಗಂಜಿ. ಅಜ್ಜಿ ಕೈಯಾಡಿಸುತ್ತಿದ್ದಳು.

“ಜ್ವರ ಬಂದಿದ್ಯಾ ಅಜ್ಜಿ?”

“ಇಲ್ಲ. ಹೆಸರು ಹೊರಗೆ ಹೋಗಿದೆಯಲ್ಲ. ಇನ್ನೊಂದ್ಸಲ ರಹಾಯು ಅಂತ ಎಲ್ರಿಗೂ ಹೇಳೋಣ ಅಂತ.”

“ಅಜ್ಜಿ, ಅದನ್ನ ಕೊಟ್ಟಿದ್ದು ನಾನು.”

ಸೌಟು ನಿಂತಿತು. ಅವನು ಎಲ್ಲವನ್ನೂ ಹೇಳಿದ. ಆ ಚೌಕದ ವಿಷಯವನ್ನೂ. ಬಣ್ಣದ ಚಿತ್ರ ತೋರಿಸಿದ. ಅಜ್ಜಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

“ನನ್ನ ಲಂಗ ಗುಲಾಬಿ ಮಾಡಿದಾರೆ.”

“ಚೆನ್ನಾಗಿಲ್ವಾ?”

“ಹಸಿರಿತ್ತು. ಎಳೇ ಬಾಳೆಲೆ ಹಸಿರು. ನಮ್ಮಕ್ಕನಿಗೆ ಗಿಡ್ಡ ಆಯ್ತು ಅಂತ ನಂಗೆ ಬಂದಿದ್ದು. ಕೇಳಿದ್ರೆ ಹೇಳ್ತಿದ್ದೆ.”

ಗಿಲಾಂಗ್ ತಲೆ ತಗ್ಗಿಸಿದ. ಗಂಜಿ ಮೆಲ್ಲಗೆ ಕುದಿಯುತ್ತಿತ್ತು.

“ನಿನ್ನೆ ಫೋನಲ್ಲಿ ಆ ಹೆಸರು ಕೇಳಿದಾಗ,” ಎಂದಳು ಅಜ್ಜಿ, “ಒಂದು ಗಳಿಗೆ ನಮ್ಮಕ್ಕನೇ ಅಂದ್ಕೊಂಡೆ. ಎಷ್ಟು ವರ್ಷ ಆಗಿತ್ತು.” ಅವಳು ಮತ್ತೆ ಸೌಟು ತಿರುಗಿಸಿದಳು. “ಆಮೇಲೆ ಎಣ್ಣೆ ಅಂದ್ಲು.”

ಬಟ್ಟಲುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಗಿಲಾಂಗ್ ಮನೆಮನೆಗೂ ಹೋದ. ಕೊನೆಯ ಮನೆ ಅವನ ಗೆಳೆಯ ಪಂಜಿಯದು.

“ಯಾರ ಬರ್ತ್‌ಡೇ ಇವತ್ತು?”

“ನಮ್ಮಜ್ಜಿಗೆ ಹೆಸರಿಡ್ತಿದೀವಿ.”

“ಈ ವಯಸ್ಸಲ್ಲಾ?” ಪಂಜಿ ನಗುತ್ತ ಕೆಂಪು ಗಂಜಿಗೆ ಚಮಚ ಹಾಕಿದ.

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಯಾರಾದರೂ ಕೇಳಿದರೆ ಹೇಳು ಎಂದು ಅಜ್ಜಿ ಗಂಜಿಯ ಜೊತೆಗೇ ಕೊಟ್ಟು ಕಳಿಸಿದ್ದ ಕತೆಯನ್ನು ಗಿಲಾಂಗ್ ಹೇಳಿದ. ಜ್ವರ, ಹಿರಿಯರ ಮಾತು, ಒಂದೇ ಚಾಪೆಯ ಅಕ್ಕ ತಂಗಿ, ಬಾಳೆಲೆ ಹಸಿರಿನ ಲಂಗ.

“ಹಾಗಾದ್ರೆ ಹಳೇ ಹೆಸರು ಏನಿತ್ತು?”

ಲವಂಗದ ವಾಸನೆ ಗಿಲಾಂಗನ ಕಿವಿಯ ಹತ್ತಿರವೇ ಸುಳಿದ ಹಾಗಾಯಿತು. ಅವನು ಖಾಲಿ ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡ.

ಅದನ್ನು ಅವನು ಪಂಜಿಗೆ ಹೇಳಲಿಲ್ಲ. ಆಮೇಲೂ ಯಾರಿಗೂ ಹೇಳಲಿಲ್ಲ.