ಕಾರಿನ ಹಳೆಯ ಯಜಮಾನ

ಹಳೆಯ ವಸ್ತುವನ್ನು ಮಾರುವವನಿಗೆ ಅದರ ದೋಷವನ್ನು ಮೊದಲೇ ತಿಳಿಸುವ ಕರ್ತವ್ಯವಿದೆ. ತಿಳಿಸದಿದ್ದರೆ ಅದು ವ್ಯಾಪಾರವಲ್ಲ, ವಂಚನೆ. ಭಾನುವಾರ ಸಂಜೆ ಫೋನಿನಲ್ಲಿ, ತನಗೆ ಕಾರು ಮಾರಿದ್ದ ಪಶುವೈದ್ಯನಿಗೆ ಈ ಮಾತು ಹೇಳುವಾಗ ಅವಳ ಧ್ವನಿ ನಡುಗಿತು. ಸಿಟ್ಟಿನಿಂದ ನಡುಗಿತೆಂದು ಅವಳು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು.

"ಬರ್ತೀನಿ," ಎಂದಷ್ಟೇ ಅವನು ಹೇಳಿದ.

ಅವಳು ಫಿಸಿಯೋಥೆರಪಿಸ್ಟ್. ಹಾಸಿಗೆ ಬಿಟ್ಟು ಏಳಲಾಗದವರ ಮನೆಗಳಿಗೆ ತಾನೇ ಹೋಗಿ, ಅವರ ಕೈಕಾಲುಗಳಿಗೆ ಮತ್ತೆ ಚಲನೆ ಕಲಿಸುವುದು ಅವಳ ಕೆಲಸ. ಆ ಓಡಾಟಕ್ಕೆಂದೇ ಅವನ ಪುಟ್ಟ ಎಲೆಕ್ಟ್ರಿಕ್ ಕಾರನ್ನು ಕೊಂಡಿದ್ದಳು. ಕೀ ಕೊಡುವಾಗ ಅವನು ಬಾನೆಟ್ಟನ್ನು ಕರುವಿನ ಬೆನ್ನು ಸವರಿದಂತೆ ಸವರಿದ್ದ. ಆಮೇಲೆ ವೈಪರ್ ವಿಚಾರಕ್ಕೆ ಒಂದು ಫೋನು, ಟೈರಿನ ಗಾಳಿಯ ವಿಚಾರಕ್ಕೆ ಇನ್ನೊಂದು. ಕಾರಿನ ಮಾತು ಬೇಗ ಮುಗಿದು ಬೇರೆ ಮಾತು ಬೆಳೆಯುತ್ತಿತ್ತು. ಕೇಳುವುದಕ್ಕೆ ಕಾರಿನ ಭಾಗಗಳೇ ಸಾಲದೆ ಹೋಗುತ್ತಿವೆ ಎಂದು ಜೊತೆಯಲ್ಲಿದ್ದ ದೊಡ್ಡಮ್ಮ ಅಡುಗೆಮನೆಯಿಂದಲೇ ಚುಚ್ಚುತ್ತಿದ್ದರು.

ಈಗ ನಿಜವಾಗಿಯೂ ಕೇಳಬೇಕಾದದ್ದು ಬಂದಿತ್ತು. ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಕಾರಿನದು ಯಾವ ತಕರಾರೂ ಇರಲಿಲ್ಲ. ಮನೆಯಲ್ಲಿ ಹೊಸದಾಗಿ ಹಾಕಿಸಿದ ಚಾರ್ಜರಿಗೆ ಸಂಜೆ ಸಿಕ್ಕಿಸಿದರೆ ಮಾತ್ರ ಕಿತ್ತಳೆ ದೀಪವೊಂದು ಮಿಟುಕುತ್ತಿತ್ತು. ಬೆಳಗ್ಗೆ ನೋಡಿದರೆ ಬ್ಯಾಟರಿ ಇದ್ದಲ್ಲೇ ಇರುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ನೋಡಿ, ತನ್ನ ಕೆಲಸದಲ್ಲಿ ಲೋಪವಿಲ್ಲ, ದೋಷ ಕಾರಿನದೇ, ಮಾರಿದವರು ಗೊತ್ತಿದ್ದೇ ಸಾಗಹಾಕಿದ್ದಾರೆ ಎಂದು ತೀರ್ಪು ಕೊಟ್ಟು ಹೋಗಿದ್ದ.

ಆ ಕೊನೆಯ ಮಾತು ಅವಳೊಳಗೆ ಮುಳ್ಳಾಗಿ ನಾಟಿತ್ತು. ಕಾರು ಕೆಟ್ಟರೆ ರಿಪೇರಿಯಾದೀತು. ಮನುಷ್ಯನೇ ಸುಳ್ಳಾದರೆ? ಹಿಂದೊಮ್ಮೆ ಹಾಗಾಗಿತ್ತು. ನಿಶ್ಚಿತಾರ್ಥವಾಗಿದ್ದ ವರ ಅವಳಿಗೆ ತಿಳಿಯದಂತೆ ಅವಳ ಫೋನಿನಲ್ಲಿ ಏನನ್ನೋ ಹಾಕಿ, ಅವಳು ಹೋದ ಬಂದ ಜಾಗಗಳನ್ನೆಲ್ಲ ಕೂತಲ್ಲಿಂದಲೇ ನೋಡುತ್ತಿದ್ದ. ಸಿಕ್ಕಿಬಿದ್ದಾಗ ಅದನ್ನು ಪ್ರೀತಿ ಎಂದು ಕರೆದ. ಕಾವಲನ್ನು ಪ್ರೀತಿಯೆಂದು ಕರೆಯುವವರಿಗೆ ನಾಚಿಕೆಯಾಗಬೇಕು. ಅದನ್ನು ಸಹಿಸಿಕೋ ಎಂದು ಬುದ್ಧಿ ಹೇಳುವ ಬಂಧುಗಳಿಗೆ ಇನ್ನೂ ಹೆಚ್ಚು ನಾಚಿಕೆಯಾಗಬೇಕು. ಅವಳು ಉಂಗುರ ಹಿಂದಿರುಗಿಸಿದಳು. ಕಾರಿನ ಆ್ಯಪನ್ನು ಅವಳು ತನ್ನ ಫೋನಿಗೆ ಹಾಕಿಕೊಳ್ಳದಿದ್ದದ್ದೂ ಅದೇ ಕಾರಣಕ್ಕೆ.

ಪಶುವೈದ್ಯ ಬಂದ. ವಾದಿಸಲಿಲ್ಲ. ನೇರವಾಗಿ ಗ್ಯಾರೇಜಿಗೆ ಹೋಗಿ ಮಂಡಿಯೂರಿದ. ಕೇಬಲ್ಲಿನ ಉದ್ದಕ್ಕೂ ಬೆರಳಾಡಿಸಿ ಎಲ್ಲಾದರೂ ಸೀಳಿದೆಯೇ ಎಂದು ನೋಡಿದ. ಪಿನ್ನುಗಳು ಕಪ್ಪಾಗಿವೆಯೇ ಎಂದು ಪರೀಕ್ಷಿಸಿದ. ಮೇನ್ ಸ್ವಿಚ್ ಆರಿಸಿ, ತುಸು ಕಾದು, ಮತ್ತೆ ಹಾಕಿದ. ತಾನು ತಂದಿದ್ದ ಬೇರೆ ಕೇಬಲ್ ಸಿಕ್ಕಿಸಿದ. ಕಿತ್ತಳೆ ದೀಪ ತನ್ನ ಪಾಡಿಗೆ ತಾನು ಮಿಟುಕುತ್ತಲೇ ಇತ್ತು.

ಟಾರ್ಚ್ ಹಿಡಿದು ನಿಂತವಳಿಗೆ ಅವನ ಹುಬ್ಬಿನ ಮೇಲಿನ ಮಸಿಯ ಗೆರೆ ಕಂಡಿತು. ಒರೆಸಿಕೊಳ್ಳಿ ಎನ್ನಬೇಕೆನಿಸಿತು. ಆಪಾದನೆ ಇನ್ನೂ ಇತ್ಯರ್ಥವಾಗದಿರುವಾಗ ಅಂಥ ಸಲಿಗೆ ಸಲ್ಲದೆಂದು ಸುಮ್ಮನಾದಳು. ಆದರೂ ಬೆಳಕು ಮಾತ್ರ ಮೆಲ್ಲಗೆ ಜಾರಿ ಅವನ ಮುಖದ ಮೇಲೆಯೇ ನಿಂತುಬಿಟ್ಟಿತ್ತು.

"ಮೇಡಂ, ತೊಂದರೆ ಇರೋದು ಇಲ್ಲಿ," ಎಂದು ಅವನು ಪ್ಲಗ್ಗನ್ನು ತೋರಿಸಿದ.

"ಗೊತ್ತು. ಕೈ ನೋವು ಬಂತು, ಅಷ್ಟೇ."

"ಊರವರ ಕೈನೋವು ವಾಸಿ ಮಾಡೋರಿಗೇನಾ?"

ಅವಳು ನಗುವನ್ನು ಕಷ್ಟಪಟ್ಟು ನುಂಗಿ ಬೆಳಕನ್ನು ಪ್ಲಗ್ಗಿನತ್ತ ತಿರುಗಿಸಿದಳು.

ಅಷ್ಟರಲ್ಲಿ ದೊಡ್ಡಮ್ಮ ಕಾಫಿ ತಂದರು. ಹರಡಿದ್ದ ಸಾಮಾನುಗಳನ್ನು ದಾಟುತ್ತ, ತನ್ನ ಮಾತನ್ನು ಈ ಮನೆಯಲ್ಲಿ ಕೇಳುವವರೇ ಇಲ್ಲವೆಂದು ಶುರುಮಾಡಿದರು. "ಹೋದ ಭಾನುವಾರ ಇದೇ ವೈರು, ಇದೇ ಕಾರು. ಯಾರೂ ಮುಟ್ಟಲಿಲ್ಲ, ಮಧ್ಯಾಹ್ನ ತಾನಾಗೇ ಚಾರ್ಜ್ ಆಗ್ತಿತ್ತಪ್ಪ. ಹಸಿರು ದೀಪ ನಾನೇ ನೋಡಿದೆ. ಇವಳು ನಿಂಗೆ ಕಣ್ಣು ಮಂಜು ಅಂದು, ವೈರು ಕಿತ್ತು ಸ್ಟೇಷನ್ನಿಗೆ ಹೊರಟ್ಳು."

ಲೋಟ ಅವನ ತುಟಿಯ ಬಳಿಯೇ ನಿಂತಿತು. "ಮಧ್ಯಾಹ್ನಾನಾ?"

ಅವನ ಮನೆಯ ಮೇಲೆ ಸೋಲಾರ್ ಇತ್ತು. ಬಿಸಿಲಿರುವ ಹೊತ್ತಿನಲ್ಲಿ ಮಾತ್ರ ಚಾರ್ಜ್ ಮಾಡಿಕೋ ಎಂದು ಅವನು ಯಾವಾಗಲೋ ಆ್ಯಪಿನ ಮೂಲಕ ಕಾರಿಗೆ ಆಜ್ಞೆ ಕೊಟ್ಟಿದ್ದ. ಸ್ಟೇಷನ್ನಿನ ವೇಗದ ಚಾರ್ಜರಿಗೆ ಆ ನಿಯಮ ಅನ್ವಯಿಸುವುದಿಲ್ಲ. ಮನೆಯ ಚಾರ್ಜರಿಗೆ ಅನ್ವಯಿಸುತ್ತದೆ. ಕೊಟ್ಟವನು ಮರೆತಿದ್ದ, ಕಾರು ಮರೆತಿರಲಿಲ್ಲ. ಇದನ್ನು ಅವನು ವಿವರಿಸುತ್ತಿದ್ದಂತೆ ಅವಳ ಎದೆಯ ಭಾರ ಇಳಿಯತೊಡಗಿತು. ಕಾರಿನಲ್ಲಿ ದೋಷವಿರಲಿಲ್ಲ. ಮೋಸ ನಡೆದಿರಲಿಲ್ಲ.

ಆಜ್ಞೆಯನ್ನು ಹಿಂತೆಗೆದುಕೊಳ್ಳಲು ಅವನು ಫೋನಿನಲ್ಲಿ ಆ ಆ್ಯಪ್ ತೆರೆದ. ತೆರೆದವನ ಮುಖ ಒಮ್ಮೆಲೇ ಕಳೆಗುಂದಿತು. ಒಂದು ಗುಂಡಿಯೊತ್ತಿ ಫೋನನ್ನು ಜೇಬಿಗಿಳಿಸಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅವನು ಅದನ್ನು ಅವಳ ಕಡೆಗೆ ತಿರುಗಿಸಿ ಹಿಡಿದ. ಪರದೆಯ ಮೇಲೆ ನಕಾಶೆಯಿತ್ತು. ಅದರಲ್ಲಿ ಅವಳ ಬೀದಿಯಿತ್ತು. ಅವಳ ಮನೆಯ ಮೇಲೆ ಒಂದು ನೀಲಿ ಚುಕ್ಕೆಯಿತ್ತು.

"ಮಾರಿದ ದಿನಾನೇ ನನ್ನ ಹೆಸರು ಇದ್ರಿಂದ ತೆಗೀಬೇಕಾಗಿತ್ತು, ತೆಗೆದಿಲ್ಲ. ಕಾರು ಎಲ್ಲೆಲ್ಲಿ ಹೋಗುತ್ತೆ ಅನ್ನೋದು ಇಷ್ಟು ದಿನ ಈ ಫೋನಲ್ಲಿ ಕಾಣೋ ಹಾಗೇ ಇತ್ತು. ನಿಮಗೆ ಹೇಳ್ದೆ ಅಳಿಸೋದು ಸರಿಯಲ್ಲ."

ಮನೆ ಮಾರಿದ ಮೇಲೂ ಒಂದು ಬೀಗದ ಕೈಯನ್ನು ತನ್ನಲ್ಲೇ ಇಟ್ಟುಕೊಂಡವನನ್ನು ಏನೆಂದು ಕರೆಯಬೇಕು? ಮರೆವು ಎಂಬುದು ಎಷ್ಟು ಸುಲಭದ ನೆಪ!

"ನೋಡ್ತಿದ್ರಾ?"

"ಇಲ್ಲ."

ಹಿಂದಿನವನೂ ಮೊದಲು ಇದನ್ನೇ ಹೇಳಿದ್ದ. ಆದರೆ ಅವನು ಆಣೆ ಇಟ್ಟಿದ್ದ, ಅತ್ತಿದ್ದ, ಅನುಮಾನಪಡುತ್ತೀಯಾ ಎಂದು ಅವಳನ್ನೇ ಬೈದಿದ್ದ. ಇವನು ಆ ಒಂದು ಪದದ ಆಚೆಗೆ ಏನನ್ನೂ ಸೇರಿಸದೆ ತಲೆ ತಗ್ಗಿಸಿ ನಿಂತಿದ್ದ.

ಅವಳು ಮತ್ತೊಮ್ಮೆ ಪರದೆಯನ್ನು ನೋಡಿದಳು. ನಕಾಶೆಯ ಮೇಲ್ಗಡೆ ದಪ್ಪಕ್ಷರಗಳಲ್ಲಿ, ಚಾರ್ಜಿಂಗ್ ಶುರುವಾಗಿಲ್ಲ, ನಿಗದಿತ ಸಮಯಕ್ಕಾಗಿ ಕಾಯುತ್ತಿದೆ ಎಂದು ಬರೆದಿತ್ತು. ಅಲ್ಲಿಂದ ಅವಳ ನೋಟ ನೆಲಕ್ಕಿಳಿಯಿತು. ಎರಡು ಕೇಬಲ್ಲು, ಬಿಚ್ಚಿಟ್ಟ ಸ್ಕ್ರೂಗಳು, ಮಂಡಿಯವರೆಗೆ ಧೂಳಾದ ಅವನ ಪ್ಯಾಂಟು.

"ಒಂದೇ ಒಂದು ಸಲ ಈ ಆ್ಯಪ್ ತೆರೆದಿದ್ರೂ, ಕಾರು ಯಾಕೆ ಚಾರ್ಜ್ ಆಗ್ತಿಲ್ಲ ಅಂತ ನನಗಿಂತ ಮುಂಚೆ ನಿಮಗೇ ಗೊತ್ತಾಗ್ತಿತ್ತು," ಎಂದು ಅವಳು ನಿಧಾನವಾಗಿ ಹೇಳಿದಳು. "ಸಂಜೆಯಿಂದ ಈ ನೆಲದ ಮೇಲೆ ಹೊರಳಾಡೋ ಅಗತ್ಯ ಇರಲಿಲ್ಲ."

ಅವನು ಬೆರಗಾಗಿ ತಲೆಯೆತ್ತಿದ. ತನ್ನ ಪರವಾಗಿ ಹೀಗೊಂದು ಸಾಕ್ಷ್ಯವಿದೆಯೆಂದು ಅವನಿಗೇ ಹೊಳೆದಿರಲಿಲ್ಲ. ಹೊಳೆಯದಿದ್ದದ್ದೇ ಅವಳಿಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷ್ಯವಾಗಿ ಕಂಡಿತು. ಅಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರು ಹೊರಬಂದು ನಗುವಾಯಿತು, ನಗುತ್ತಲೇ ಕಣ್ಣೊರೆಸಿಕೊಂಡಳು. ದೊಡ್ಡಮ್ಮ ಅರ್ಧ ಕುಡಿದ ಲೋಟವನ್ನು ಅವನ ಕೈಯಿಂದಲೇ ಕಿತ್ತುಕೊಂಡು, ತೊಳೆಯುವುದಿದೆ ಎಂದು ಒಳಗೆ ನಡೆದರು.

ಅವನು ಬಿಸಿಲಿನ ಆಜ್ಞೆಯನ್ನು ರದ್ದು ಮಾಡಿ ಫೋನನ್ನು ಅವಳ ಕೈಗಿತ್ತ. ಅವನ ಹೆಸರನ್ನು ಅವಳೇ ಅಳಿಸಿದಳು. ಕಾರಿನೊಳಗೆ ಟಕ್ಕೆಂದು ಸಣ್ಣ ಸದ್ದಾಗಿ ದೀಪ ಹಸಿರಾಯಿತು.

"ನಾಳೆ ಕೆಲಸ ಮುಗಿಸಿ ನಿಮ್ಮ ಆಸ್ಪತ್ರೆ ಗೇಟ್ ಹತ್ರ ಬರ್ತೀನಿ," ಎಂದಳು. "ಎಲ್ಲಿ ಹೋಗ್ತೀನಿ ಅಂತ ಯಾರಿಗೂ ವರದಿ ಒಪ್ಪಿಸೋ ಅಭ್ಯಾಸ ನನಗಿಲ್ಲ. ನಿಮಗೆ ಹೇಳ್ಬೇಕು ಅನ್ನಿಸ್ತು."

"ನಾಳೆ ಒಂದು ಹಸು ಕರು ಹಾಕೋದಿದೆ. ತಡ ಆದ್ರೆ?"

"ತಡ ಆಗುತ್ತೆ ಅಂತ ಹೇಳಿ. ಕಾಯ್ತೀನಿ."

ಅವನು ಕೇಬಲ್ ಸುತ್ತುವುದನ್ನು ನಿಲ್ಲಿಸಿದ. "ಹಾಗಾದ್ರೆ ಇನ್ನೊಂದನ್ನೂ ಹೇಳ್ಬಿಡ್ತೀನಿ. ಮುಚ್ಚಿಟ್ಕೊಳ್ಳೋದು ಸರಿಯಲ್ಲ. ನೀವಂದ್ರೆ ನನಗೆ ತುಂಬಾ ಇಷ್ಟ."

"ಅದಕ್ಕೇ," ಎಂದಳು ಅವಳು, "ಕಾಯ್ತೀನಿ ಅಂದಿದ್ದು."