ಕೆಲಗೇರಿ ಹಂಪ್ಸಿನ ಎರಡು ಹಾರ್ನ್

"ನಿಲ್ಲಸ್ರಿ! ಗಾಡಿ ನಿಲ್ಲಸ್ರಿ ಅಂದೆ!"

ಕೆಲಗೇರಿ ಬಸ್ ಸ್ಟಾಪಿನ ಮುಂದಿನ ಹಂಪ್ಸ್ ದಾಟಿ ಹೊರಟಿದ್ದ ಬಿಳಿ ಪಿಕಪ್ ಗಾಡಿ ಗಕ್ಕನೆ ನಿಂತಿತು. ಹಿಂದೆ ತುಂಬಿದ್ದ ಮಾವಿನ ಸಸಿಗಳೆಲ್ಲ ಒಮ್ಮೆ ಮುಂದಕ್ಕೆ ಬಾಗಿ ನೆಟ್ಟಗಾದವು.

ಗಾಡಿಗೆ ಅಡ್ಡ ನಿಂತವಳು ಯಶೋಧರಾ. ವಯಸ್ಸು ಮೂವತ್ತೆರಡು. ಕೊರಳಲ್ಲಿ ಸತ್ತೂರಿನ ಆಸ್ಪತ್ರೆಯ ಗುರುತಿನ ಚೀಟಿ. ಜನ್ಮದಲ್ಲಿ ಯಾರ ಮೇಲೂ ದನಿ ಎತ್ತಿದವಳಲ್ಲ. ಇವತ್ತು ಅದೆಲ್ಲಿಂದ ಧೈರ್ಯ ಬಂತೋ!

ಡ್ರೈವರ್ ಗಾಬರಿಯಾಗಿ ಕೆಳಗಿಳಿದ. "ಏನಾತ್ರಿ ಮೇಡಮ್ಮಾರ? ಯಾರಿಗರ ಬಡೀತೇನ್ರಿ?"

"ನಾಕ್ ದಿನಾತು. ಯಾಕ ಹಾರ್ನ್ ಹೊಡದಿಲ್ಲ?"

"ಆಂ?"

"ನಾಕ್ ತಿಂಗಳಿಂದ ದಿನಾ ಮುಂಜಾನೆ ಇಲ್ಲಿ ಬಂದ ಕೂಡ್ಲೆ ಎರಡ್ ಸಲ ಹಾರ್ನ್ ಹೊಡೀತಿದ್ರಿ. ಲೈಟ್ ಬ್ಯಾರೆ ಹಾಕಿ ಆರಸ್ತಿದ್ರಿ. ಈಗ ನೋಡಿದ್ರ ಗುರ್ತಾನ ಇಲ್ಲದವರಂಗ ಸುಮ್ನ ಹೊಂಟೀರಿ. ನಾ ಏನ್ ತಪ್ಪ ಮಾಡೇನ್ರಿ?"

ಕೇಳಿಯೇ ಬಿಟ್ಟಳು!

ಅವನು ತಲೆ ಕೆರೆದುಕೊಂಡ. ಸುಳ್ಳು ಹೇಳಲು ಬಾರದ ಮನುಷ್ಯ. ಇಂಥವರಿಂದ ಆಗುವಷ್ಟು ಅನಾಹುತ ಸುಳ್ಳರಿಂದಲೂ ಆಗುವುದಿಲ್ಲ ನೋಡಿ.

"ಮೇಡಮ್ಮಾರ... ಅದು ನಾ ಹೊಡೀತಿದ್ದಿಲ್ರಿ."

"ಮತ್ತ ಯಾರು?"

"ಗಾಡೀನ ಹೊಡೀತಿತ್ರಿ. ಡ್ಯಾಶ್‌ಬೋರ್ಡ್ ಕೆಳಗ ಬಿಸಿಎಂ ಅಂತ ಒಂದ್ ಡಬ್ಬಿ ಇರತೈತ್ರಿ. ಲೈಟು, ಹಾರ್ನು, ವೈಪರು, ಬಾಗಲಾ ಲಾಕು... ಎಲ್ಲಾಕ್ಕೂ ಹುಕುಂ ಕೊಡೂದು ಅದ. ಗಾಜಿನ ಸಂದ್ಯಾಗಿಂದ ಮಳಿ ನೀರು ಇಳದು ಕೆಟ್ಟಿತ್ರಿ. ಹಂಪ್ಸ್ ಮ್ಯಾಲೆ ಗಾಡಿ ಜಿಗದ್ರ ತಾನ ಎರಡ್ ಸಲ ಒದರತಿತ್ತು. ಹ್ವಾದ ಐತವಾರ ಹೊಸಾದು ಹಾಕಿಸಿದ್ನಿ..."

"ಅಂದ್ರ... ಹಂಪ್ಸಿಗೆ?"

"ಹೂನ್ರಿ. ಹಂಪ್ಸಿಗೆ."

ಸ್ಟಾಪಿನಲ್ಲಿದ್ದ ಕಾಲೇಜು ಹುಡುಗಿಯರು ಕಿಸಕ್ಕನೆ ನಕ್ಕರು. ಯಶೋಧರಾಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಎದುರಿಗೆ ಬಂದ ಆಟೋ ಹತ್ತಿದಳು. ಆಟೋ ಎಲ್ಲಿಗೆ ಹೊರಟಿದೆ ಎಂದು ಕೂಡ ಕೇಳಲಿಲ್ಲ.

ಅಯ್ಯೋ ದೇವರೇ... ನಾ ಕೈ ಎತ್ತಿದ್ದು ಒಂದು ಕೆಟ್ಟ ಡಬ್ಬಿಗಾ?

ಹೌದು, ಕೈ ಎತ್ತಿದ್ದಳು. ಮೊದಲ ತಿಂಗಳು ಮುಖ ತಿರುಗಿಸಿದ್ದಳು. ಎರಡನೆಯ ತಿಂಗಳು ತುಟಿಯಂಚಿನಲ್ಲಿ ನಕ್ಕಳು. ಮೂರನೆಯ ತಿಂಗಳು ದುಪಟ್ಟಾಕ್ಕೆ ಇಸ್ತ್ರಿ ಹಾಕತೊಡಗಿದಳು. ನಾಲ್ಕನೆಯ ತಿಂಗಳು, ಯಾರೂ ನೋಡದಂತೆ, ಚೀಲದ ಮೇಲಿನ ಕೈಯನ್ನು ಅಷ್ಟೇ ಅಷ್ಟು ಎತ್ತಿದ್ದಳು.

ನಗಬೇಡಿ. ಒಬ್ಬರೇ ಇರುವ ಮನೆಯಲ್ಲಿ ಒಂದು ವಾರ ಇದ್ದು ನೋಡಿ, ಆಮೇಲೆ ನಗಿ.

ಅವ್ವ ಉಡಚವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಆಮೇಲೆ ಆ ಎರಡು ಖೋಲಿಯ ಬಾಡಿಗೆ ಮನೆಯಲ್ಲಿ ಮಾತೇ ಇಲ್ಲ. ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ದಿನಕ್ಕೆ ಇನ್ನೂರು ಜನರ ಹೆಸರು, ವಯಸ್ಸು, ಊರು ಕೇಳುವವಳು ಅವಳು. ಅವಳ ಹೆಸರು ಕೇಳಿದವರಿಲ್ಲ. ಎಲ್ಲರಿಗೂ ಅವಳು 'ಅಕ್ಕಾರ'. ಶನಿವಾರ ಸಂಜೆ ಬಾಗಿಲು ಹಾಕಿಕೊಂಡರೆ ಸೋಮವಾರ ಮುಂಜಾನೆಯೇ ಮತ್ತೆ ಬಾಯಿ ತೆರೆಯುವುದು. ಮೊದಲ ರೋಗಿಗೆ 'ಹೆಸರು?' ಎನ್ನುವಾಗ ಗಂಟಲು ಕಟ್ಟಿರುತ್ತಿತ್ತು.

ಅಂಥವಳಿಗೆ ದಿನಕ್ಕೆ ಎರಡು ಸೆಕೆಂಡು ಯಾರೋ 'ನೀ ಇದ್ದೀ, ನಾ ನೋಡೇನಿ' ಎಂದಂತೆ ಆಗುತ್ತಿತ್ತು. ಅದನ್ನೂ ಒಬ್ಬ ಮೆಕ್ಯಾನಿಕ್ ಬಿಚ್ಚಿ ಎಸೆದಿದ್ದ!

ಮರುದಿನದಿಂದ ಅವಳು ಆ ಸ್ಟಾಪಿಗೆ ಹೋಗಲಿಲ್ಲ. ಹದಿನೈದು ನಿಮಿಷ ನಡೆದು ಮುಂದಿನ ಸ್ಟಾಪಿನಲ್ಲಿ ನಿಂತಳು. ಆದರೆ ರಸ್ತೆ ಒಂದೇ ತಾನೆ? ಬಿಳಿ ಪಿಕಪ್ ದೂರದಲ್ಲಿ ಕಂಡ ಕೂಡಲೇ ಬೆನ್ನು ತಿರುಗಿಸುತ್ತಿದ್ದಳು. ಗಾಡಿ ನಿಧಾನವಾಗುವುದು ಕಿವಿಗೆ ಕೇಳಿಸುತ್ತಿತ್ತು. ಆಮೇಲೆ ಗೇರ್ ಬದಲಾಗಿ ಮುಂದೆ ಹೋಗುತ್ತಿತ್ತು.

ಹೋಗಲಿ. ಹೋದ್ರ ಹೋಗಲಿ... ಎನ್ನುತ್ತಿದ್ದಳು. ಬಸ್ಸು ಹತ್ತಿ ಕಿಟಕಿಗೆ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಹೀಗೇ ಒಂಬತ್ತು ದಿನ.

ಹತ್ತನೆಯ ದಿನ ಮುಂಜಾನೆ ಆ ಪಿಕಪ್ ಬರಲೇ ಇಲ್ಲ. ಅದು ಹುಬ್ಬಳ್ಳಿಯಲ್ಲಿ, ಮೆಕ್ಯಾನಿಕ್ ದುರ್ಗೇಶನ ಗ್ಯಾರೇಜಿನ ಮುಂದೆ ನಿಂತಿತ್ತು.

"ಅಣ್ಣಾ, ಆ ಹಳೇ ಬಿಸಿಎಂ ಐತೇನು?" ಡ್ರೈವರ್ ಹುಲಗೇಶ ಕೇಳಿದ.

"ಮೂಲ್ಯಾಗ ಬಿದ್ದೈತಿ. ಯಾಕ?"

"ಅದನ್ನ ವಾಪಸ್ ಹಾಕಿ ಕೊಡು."

ದುರ್ಗೇಶ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. "ಹುಚ್ಚ ಹಿಡದೈತೇನಲೇ? ಬ್ಯಾಟರಿ ವೈರ್ ಬಿಚ್ಚಿ, ಸ್ಟೇರಿಂಗ್ ಕೆಳಗಿನ ಪ್ಯಾನಲ್ ತಗದು, ಕಿಲುಬು ಹಿಡದ ಪಿನ್ನು ಒಂದೊಂದ ತಿಕ್ಕೇನಿ. ಹೊಸಾ ಡಬ್ಬಿ ತರಿಸೇನಿ. ಲ್ಯಾಪ್‌ಟಾಪ್ ಹಚ್ಚಿ ಅದಕ್ಕ ನಿನ್ನ ಗಾಡಿ ಗುರ್ತಾ, ಚಾವಿ ಗುರ್ತಾ ಎಲ್ಲಾ ಕಲಿಸೇನಿ. ಎರಡ್ ದಿನಾ ಕುತಗಿ ಡೊಂಕ ಮಾಡಿ ಮಲಗಿದ್ನಿ ಅದರ ಕೆಳಗ! ಬೈಪಾಸಿನ್ಯಾಗ ಲೈಟ್ ಆರಿ ಲಾರಿ ಬಾಯಾಗ ಹೊಂಟಿದ್ದು ಮರತೇನು?"

"ಮರತಿಲ್ಲ."

"ಮತ್ತ?"

ಹುಲಗೇಶ ನೆಲ ನೋಡುತ್ತ ಹೇಳಿದ. "ಬದಲಸು ಅಂತ ನೀ ಮೊದಲನೇ ವಾರನ ಹೇಳಿದ್ದಿ. ನಾ ನಾಕ್ ತಿಂಗಳು ಯಾಕ ಮುಂದ ಹಾಕಿದ್ನಿ ಗೊತ್ತೈತೇನು? ಹಾರ್ನ್ ಒದರಿದ ಕೂಡ್ಲೆ ಸ್ಟಾಪಿನ್ಯಾಗ ಒಬ್ಬಾಕಿ ಮೊದಲ ಮಾರಿ ತಿರಗಸ್ತಿದ್ಲು, ಆಮ್ಯಾಲೆ ನಗಾಕ ಹತ್ತಿದ್ಲು. ನಾ ಕೈಯಾರೆ ಹಾರ್ನ್ ಹೊಡದ್ರ ಚುಡಾಯಿಸಿದಂಗ ಆಕ್ಕತಿ. ಗಾಡಿ ತಾನ ಹೊಡದ್ರ... ನಂದೇನ್ ತಪ್ಪು?"

ನರ್ಸರಿಯ ಮೂಲೆಯ ಒಂದು ಖೋಲಿಯಲ್ಲಿ ಒಬ್ಬನೇ ಇರುವ ಮನುಷ್ಯ. ಇಡೀ ದಿನ ಸಸಿಗಳ ಜೊತೆ ಓಡಾಟ. ಅವನಿಗೂ ಆ ನಗು ಒಂದೇ ಇತ್ತು. ಇದನ್ನು ಅವಳಿಗೆ ಹೇಳುವವರು ಯಾರು?

"ಇದನ್ನ ಅಕಿಗೆ ಹೇಳಿದಿಯೇನು?"

"ಇಲ್ಲ. ಬಿಸಿಎಂ ಕೆಟ್ಟಿತ್ತು ಅಂತ ಅಷ್ಟ ಹೇಳಿದ್ನಿ."

"ಅಯ್ಯ ನಿನ್ನ! ಅರ್ಧಾ ಖರೇ ಹೇಳಿ ಪೂರಾ ಮನಸ ಮುರದಿ." ದುರ್ಗೇಶ ಹಣೆ ಚಚ್ಚಿಕೊಂಡ. "ಒಂದ್ ಮಾತ ಹೇಳು. ಅಕಿನ್ನ 'ಅಕ್ಕಾರ' ಅಂದಿಯೇನು?"

"ಛೇ, ಇಲ್ಲ. ಬಾಯಾಗ ಬರಲಿಲ್ಲ. ಮೇಡಮ್ಮಾರ ಅಂದ್ನಿ."

"ಹಂಗಾರ ಇನ್ನೂ ಕೆಟ್ಟಿಲ್ಲ, ನಡಿ! ಗಾಡಿಗೆ ಹೊಸಾ ಡಬ್ಬಿ ಹಾಕೇನಿ. ನಿನ್ನ ಬಾಯಿ ರಿಪೇರಿ ನನಗ ಬರಂಗಿಲ್ಲ. ಅದನ್ನ ನೀನ ಮಾಡ್ಕೋ."

ಅವತ್ತು ಮಧ್ಯಾಹ್ನ ಒಂದು ಗಂಟೆಗೆ ಹತ್ತು ನಿಮಿಷ ಇತ್ತು. ಯಶೋಧರಾ ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದಳು.

"ಹೆಸರು?"

"ಹುಲಗೇಶ ರಿ."

"ವಯಸ್ಸು?"

"ಮೂವತ್ತೈದು."

"ಊರು?"

"ಕೆಲಗೇರಿ ದಾಟಿದ ಮ್ಯಾಲೆ ನರ್ಸರಿ ಐತಲ್ರಿ, ಅಲ್ಲೇ ಖೋಲಿ."

ಬೆರಳು ನಿಂತಿತು. ಈ ದನಿ... ಕಣ್ಣೆತ್ತಿದರೆ ಅಳು ಬರುತ್ತದೆಂದು ಗೊತ್ತಿತ್ತು. ಕೀಬೋರ್ಡನ್ನೇ ನೋಡುತ್ತ ಕೇಳಿದಳು.

"ಏನ್... ಏನ್ ತ್ರಾಸು?"

"ಹೇಳಬೇಕಾದ್ದು ಹೊತ್ತಿಗೆ ಸರಿಯಾಗಿ ಬಾಯಿಗೆ ಬರಂಗಿಲ್ರಿ."

ಹಿಂದೆ ಪಾಳಿಯಲ್ಲಿದ್ದ ಅಜ್ಜ ಗೊಣಗಿದ. "ಲಗೂ ಹೇಳಪಾ ತಮ್ಮಾ! ನನ್ನ ಮೊಣಕಾಲು ಜೀವಾ ಹಿಂಡಾಕತ್ತಾವು."

"ಅವತ್ತ ಅರ್ಧಾನ ಹೇಳಿದ್ನಿ ಮೇಡಮ್ಮಾರ," ಹುಲಗೇಶ ಕಿಟಕಿಯ ಕಟ್ಟೆ ಹಿಡಿದುಕೊಂಡ. "ಹಾರ್ನ್ ಹೊಡದದ್ದು ಗಾಡಿ, ಖರೇ. ಆದ್ರ ನಾಕ್ ತಿಂಗಳು ಅದನ್ನ ರಿಪೇರಿ ಮಾಡಸಲಾರದ ಬಿಟ್ಟಾಂವ ನಾನು. ನೀವು ನಗೂದು ನೋಡಾಕ."

ಕೀಬೋರ್ಡಿನ ಮೇಲೆ ಒಂದು ಹನಿ ಬಿತ್ತು.

"ಮತ್ತ... ಯಾಕ ರಿಪೇರಿ ಮಾಡಿಸಿದ್ರಿ?"

"ಬೈಪಾಸಿನ್ಯಾಗ ಲೈಟ್ ಆರಿ ಕಗ್ಗತ್ತಲಾತ್ರಿ. ಎದರಿಗೆ ಲಾರಿ. ಸತ್ನೆಪಾ ಅಂದ್ಕೊಂಡಾಗ ಒಂದ ತಲಿಗೆ ಬಂತು... ನಾಳೆ ಮುಂಜಾನೆ ನೀವು ಸ್ಟಾಪಿನ್ಯಾಗ ದಾರಿ ನೋಡ್ಕೋತ ನಿಂತಿರ್ತೀರಿ, ನನ್ನ ಗಾಡಿ ಬರಂಗಿಲ್ಲ ಅಂತ. ಅದಕ್ಕ ಮಾಡಿಸಿದ್ನಿ."

ಯಶೋಧರಾ ಈಗ ಕಣ್ಣೆತ್ತಿದಳು. ಇಷ್ಟು ದಿನ ಗಾಜಿನ ಹಿಂದೆ ಎರಡು ಸೆಕೆಂಡು ಕಂಡ ಮುಖ. ಅದೂ ಅಳುತ್ತಿತ್ತು!

"ತಂಗೀ," ಅಜ್ಜ ಮೆತ್ತಗೆ ಹೇಳಿದ, "ಅವನ ಚೀಟಿ ಮೊದಲ ಮಾಡಿ ಕೊಡವಾ. ನನ್ನ ಮೊಣಕಾಲು ತಡೀತಾವು."

ಪಾಳಿಯಲ್ಲಿದ್ದವರೆಲ್ಲ ನಕ್ಕರು. ಈ ಸಲ ಆ ನಗು ಅವಳಿಗೆ ಚುಚ್ಚಲಿಲ್ಲ.

"ಒಂದ್ ಗಂಟೇಕ್ಕ ಕೌಂಟರ್ ಮುಚ್ಚತೈತಿ," ಮೂಗೊರೆಸಿಕೊಳ್ಳುತ್ತ ಹೇಳಿದಳು. "ಹೊರಗ ಗಿಡದ ಕೆಳಗ ನಿಂದರ್ರಿ."

ಅಜ್ಜನ ಚೀಟಿ ಮಾಡಿಕೊಟ್ಟು ಅವಳು ಹೊರಗೆ ಬಂದಾಗ ಅವನು ಮರದ ನೆರಳನ್ನೂ ಬಿಟ್ಟು ಬಿಸಿಲಲ್ಲೇ ನಿಂತಿದ್ದ, ಬಾಗಿಲು ಕಾಣಲಿ ಎಂದು.

ಅವಳು ಅವನೆದುರು ಬಂದು ನಿಂತಳು.

"ನಿಮ್ಮ ಮನ್ಯಾಗ... ಯಾರ ಜೋಡಿ ಮಾತಾಡಬೇಕ್ರಿ?" ಅವನು ಕೇಳಿದ. "ಹಿರ್ಯಾರನ್ನ ಕರಕೊಂಡ್ ಬರತೇನಿ. ಯಾರನ್ನ ಕೇಳ್ಲಿ?"

"ಯಾರೂ ಇಲ್ರಿ. ಅವ್ವ ಇದ್ಲು, ಹೋದ್ಲು." "ಕೇಳೂದಿದ್ರ ನನ್ನನ್ನ ಕೇಳಬೇಕು. ನಾ ಒಬ್ಬಾಕಿನ ಇರಾಕಿ."

ಹುಲಗೇಶ ಹುಬ್ಬಳ್ಳಿಯಿಂದ ಸತ್ತೂರಿನವರೆಗೆ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದ. ಒಂದೂ ನೆನಪಾಗಲಿಲ್ಲ. ಅವಳ ಬಾಡಿದ ಮುಖ ನೋಡಿದ. ಬಾಯಿಗೆ ಬಂದದ್ದು ಇಷ್ಟೇ.

"ಊಟಾತೇನ್ರಿ?"

ಈ ಮಾತನ್ನು ನಮ್ಮ ಕಡೆ ಯಾರು ಕೇಳುವುದಿಲ್ಲ ಹೇಳಿ! ಎದುರು ಮನೆಯವರು ಕೇಳುತ್ತಾರೆ, ಕಂಡಕ್ಟರ್ ಕೇಳುತ್ತಾನೆ. ಕೇಳುತ್ತಲೇ ಮುಂದೆ ಹೋಗುತ್ತಾರೆ. ಎರಡು ವರ್ಷಗಳಲ್ಲಿ ಉತ್ತರಕ್ಕೆ ಕಾದು ನಿಂತವನು ಇವನೊಬ್ಬನೇ.

"ಇಲ್ರಿ..." ಎಂದವಳೇ ಮುಖ ಮುಚ್ಚಿಕೊಂಡು ಬಿಕ್ಕಿದಳು. ಎರಡು ವರ್ಷದ ಅಳು ಅದು, ಬೇಗ ನಿಲ್ಲಲಿಲ್ಲ. ಅವನು ಅವಸರ ಮಾಡಲಿಲ್ಲ.

"ನಿಮ್ದು?" ಕಣ್ಣೊರೆಸಿಕೊಂಡು ಕೇಳಿದಳು.

"ನಂದೂ ಇಲ್ರಿ."

"ನನ್ನ ಡಬ್ಬ್ಯಾಗ ಎರಡ ರೊಟ್ಟಿ ಅದಾವು."

"ಒಂದೊಂದ ಆಕ್ಕತಿ, ಬರ್ರಿ."

ನಡೆಯುತ್ತಿದ್ದವಳು ಥಟ್ಟನೆ ನಿಂತಳು. "ದಿನಾ ಹಿಂಗ ಕೇಳ್ತೀರೇನ್ರಿ?"

"ಕೇಳತೇನಿ, ಯಶೋಧರಾ," ಎಂದ ಹುಲಗೇಶ. ಕೊರಳ ಚೀಟಿಯಲ್ಲಿದ್ದ ಆ ಹೆಸರನ್ನು ಅವನು ಬಾಯಿಬಿಟ್ಟು ಕರೆದದ್ದು ಅದೇ ಮೊದಲು. "ಎರಡೂ ಹೊತ್ತು ಕೇಳತೇನಿ."